ಗುಂಡ ಟ್ರೇ ಬಿಟ್ಟು ಗಾದಿಯ ಮೇಲೆ ಯಾಕೆ ಉಚ್ಚೆ ಮಾಡುತ್ತಾನೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾವು ಹಳೇ ಬಾಗಲಕೋಟೆಯವರು. ಆಲಮಟ್ಟಿ ಹಿನ್ನೀರಿಗೆ ಮನೆ ಮುಳುಗಡೆ ಲೆಕ್ಕಕ್ಕೆ ಬಂತು, ದೀಪಾವಳಿ ಹೊತ್ತಿಗೆ ನವನಗರಕ್ಕೆ ಬಂದೆವು. ನಮ್ಮ ಗುಂಡನಿಗೆ ನಾಲ್ಕು ವರ್ಷ, ಗಂಡು ಬೆಕ್ಕು, ಸಂತಾನಹರಣದ ಆಪರೇಷನ್ ಆಗಿದೆ. ಅಲ್ಲಿ ಹಿತ್ತಲ ಮಣ್ಣು ಕೆದರಿ ಎಲ್ಲ ಅಲ್ಲೇ ಮುಗಿಸಿ ಬರುತ್ತಿದ್ದ. ಇಲ್ಲಿ ಸುತ್ತಲೂ ಸಿಮೆಂಟು, ಬೀದಿ ನಾಯಿ ಬೇರೆ, ಅದಕ್ಕೆ ಒಳಗೇ ಇಟ್ಟಿದ್ದೇವೆ. ಬೆಕ್ಕಿನ ಸಂಡಾಸಿಗೆಂದು ಮುಚ್ಚಳದ ಟ್ರೇ, ಅದೇ ಲಿಟ್ಟರ್ ಬಾಕ್ಸ್, ತಂದು ಬಚ್ಚಲಲ್ಲಿ ವಾಷಿಂಗ್ ಮಷೀನ್ ಪಕ್ಕ ಇಟ್ಟೆವು, ಅದರಲ್ಲಿ ಉಚ್ಚೆ ಹೀರುವ ಸುವಾಸನೆಯ ಕಾಳು, ಅಂದರೆ ಲಿಟ್ಟರ್, ಹಾಕಿದೆವು. ಒಂದು ತಿಂಗಳು ಸರಿ ಇದ್ದ. ಆಮೇಲೆ ಮಗಳು ಚಿನ್ನಿ ಅಂತ ಒಂದು ಹೆಣ್ಣು ಮರಿ ತಂದಳು, ಅದಕ್ಕೀಗ ಆರು ತಿಂಗಳು. ಅಲ್ಲಿಂದ ಗುಂಡ ಗಾದಿಯ ಮೇಲೆ, ಮಡಿಸಿಟ್ಟ ಬಟ್ಟೆಯ ಮೇಲೆ ಉಚ್ಚೆ ಮಾಡುತ್ತಾನೆ. ಹೊಲಸು ಮಾತ್ರ ಬಾಕ್ಸಿನಲ್ಲೇ ಮಾಡುತ್ತಾನೆ. ಹೋದ ತಿಂಗಳು ಮುಕ್ಕಿರಿಯುತ್ತ ಕೂರುತ್ತಿದ್ದ, ಉಚ್ಚೆ ಕೆಂಪಗಿತ್ತು. ಇಂಜೆಕ್ಷನ್ ಮಾಡಿಸಿದೆವು, ನಾಲ್ಕು ದಿನಕ್ಕೆ ಸರಿಹೋದ. ಈಗ ಮತ್ತೆ ಶುರು. ಅತ್ತೆಯವರು ಮರಿ ತಂದಿದ್ದಕ್ಕೆ ಸೇಡು ತೀರಿಸುತ್ತಿದೆ ಅಂತಾರೆ. ದಿನಾ ಫಿನಾಯಿಲ್ ಹಾಕಿ ಒರೆಸುತ್ತೇವೆ, ಆದರೂ ವಾಸನೆ ಹೋಗಲ್ಲ. ಬೋರಿನ ಸವಳು ನೀರಿಗೆ ಹರಳಾಗಿದೆ ಅಂತ ಕೆಲವರು ಹೇಳುತ್ತಾರೆ. ನಾದಿನಿ ಬಸುರಿ, ಹೆರಿಗೆಗೆ ನಮ್ಮ ಮನೆಗೇ ಬಂದಿದ್ದಾಳೆ. ಬೆಕ್ಕು ಇದ್ದರೆ ಮಗುವಿಗೆ ತೊಂದರೆ, ಎಲ್ಲಾದರೂ ಬಿಟ್ಟು ಬನ್ನಿ ಅಂತ ಎಲ್ಲರೂ ಗಂಟು ಬಿದ್ದಿದ್ದಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಪ್ರಶ್ನೆ ಓದಿದ ಕೂಡಲೇ ಮೊದಲು ನಿಮಗೆ ಫೋನ್ ಮಾಡಿದೆ. ಗುಂಡ ಸ್ವಲ್ಪ ಸ್ವಲ್ಪವಾದರೂ ಉಚ್ಚೆ ಮಾಡುತ್ತಿದ್ದಾನೆ, ತಿನ್ನುತ್ತಿದ್ದಾನೆ, ವಾಂತಿ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಇದನ್ನು ಬರೆಯಲು ಕೂತೆ. ಯಾಕೆ ಫೋನ್ ಮಾಡಿದೆ ಅನ್ನೋದನ್ನು ಗಂಡು ಬೆಕ್ಕು ಸಾಕಿದ ಎಲ್ಲರಿಗೂ ಹೇಳಬೇಕು.

ಗಂಡು ಬೆಕ್ಕಿನ ಮೂತ್ರನಾಳ ಉದ್ದ, ತುದಿಗೆ ಬರುತ್ತ ಬರುತ್ತ ಬಹಳ ಸಣ್ಣದು. ಊತ, ಲೋಳೆ, ಉಸುಕಿನಂಥ ಹರಳು ಇವು ಸೇರಿ ಅಲ್ಲಿ ಬಿರಡೆ ಹಾಕಿದಂತೆ ಕೂತರೆ ಉಚ್ಚೆ ಪೂರ್ತಿ ನಿಂತುಬಿಡುತ್ತದೆ. ಆಗ ಬೆಕ್ಕು ಪದೇಪದೇ ಟ್ರೇಗೆ ಹೋಗುತ್ತದೆ, ಮುಕ್ಕಿರಿಯುತ್ತದೆ, ಅರಚುತ್ತದೆ, ಹಿಂಭಾಗ ನೆಕ್ಕುತ್ತಲೇ ಇರುತ್ತದೆ, ಆದರೆ ಟ್ರೇ ಒಣಗಿಯೇ ಇರುತ್ತದೆ. ಎಷ್ಟೋ ಜನ ಇದನ್ನು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸಿ ಮರುದಿನ ಕರೆತರುತ್ತಾರೆ. ಅಷ್ಟು ಹೊತ್ತು ಇರುವುದಿಲ್ಲ. ಮೂತ್ರ ಹೊರಹೋಗದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಂದೆರಡು ದಿನದೊಳಗೆ ಬೆಕ್ಕು ಸಾಯಬಹುದು. ಹೊಟ್ಟೆಯ ಕೆಳಗೆ ಕೈಗೆ ಗಟ್ಟಿ ಗಡ್ಡೆಯಂಥದ್ದು ಸಿಕ್ಕರೆ ಒತ್ತಲೇಬೇಡಿ, ತುಂಬಿದ ಚೀಲ ಒಳಗೇ ಒಡೆಯಬಹುದು. ಎಳನೀರು, ಬಾರ್ಲಿ ನೀರು ಅಂತ ಸಿರಿಂಜಿನಲ್ಲಿ ಕುಡಿಸಬೇಡಿ. ಹೊರಗೆ ದಾರಿ ಇಲ್ಲದ ಕಡೆ ಇನ್ನಷ್ಟು ನೀರು ತುಂಬಿ ಏನು ಪ್ರಯೋಜನ? ಅದೂ ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ರಾತ್ರಿಯಾಗಲಿ, ಭಾನುವಾರವಾಗಲಿ, ಹೊರಡಬೇಕು.

ಹೊರಡುವ ಮೊದಲು ಒಂದು ಫೋನ್ ಮಾಡಿ. ನಮ್ಮ ಕಡೆಯ ಪಶು ಆಸ್ಪತ್ರೆಗಳಲ್ಲಿ ಎಮ್ಮೆ, ಆಕಳು, ಕುರಿಯ ಕೆಲಸವೇ ಹೆಚ್ಚು. ಎಲ್ಲ ಕಡೆ ಬೆಕ್ಕಿನ ಸಣ್ಣ ಕ್ಯಾಥೆಟರ್, ಅಂದರೆ ಉಚ್ಚೆ ಹೊರತೆಗೆಯುವ ಕೊಳವೆ, ಇಟ್ಟಿರುವುದಿಲ್ಲ. "ಗಂಡು ಬೆಕ್ಕಿನ ಉಚ್ಚೆ ಕಟ್ಟಿದೆ, ಅರಿವಳಿಕೆ ಕೊಟ್ಟು ಕ್ಯಾಥೆಟರ್ ಹಾಕುತ್ತೀರಾ?" ಎಂದು ನೇರವಾಗಿ ಕೇಳಿ. ಇಲ್ಲ ಅಂದರೆ ಎಲ್ಲಿ ಹಾಕುತ್ತಾರೆ ಅಂತ ಅವರನ್ನೇ ಕೇಳಿ, ವಿಜಯಪುರಕ್ಕೋ ಬೆಳಗಾವಿಗೋ ಹುಬ್ಬಳ್ಳಿಗೋ ಗಾಡಿ ಹತ್ತಿ. ತೊಂದರೆ ಬರುವ ಮೊದಲೇ ಈ ವಿಚಾರಣೆ ಮಾಡಿ ನಂಬರ್ ಗೋಡೆಗೆ ಬರೆದಿಟ್ಟರೆ ಇನ್ನೂ ಒಳ್ಳೆಯದು. ಗುಂಡನಿಗೆ ಎರಡು ಸಲ ಕಾಣಿಸಿಕೊಂಡಿದೆ, ಮೂರನೆಯ ಸಲ ಪೂರ್ತಿ ಕಟ್ಟುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ.

ಇನ್ನು ಸೇಡಿನ ಮಾತು. ಅತ್ತೆಯವರಿಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ಮರಿ ಬಂತು, ಗಾದಿ ಒದ್ದೆಯಾಯಿತು, ಎರಡಕ್ಕೂ ನಂಟು ಇದ್ದೇ ಇದೆ. ಆದರೆ ಬೆಕ್ಕು ಸೇಡು ತೀರಿಸುವ ಪ್ರಾಣಿ ಅಲ್ಲ. ನಾನು ಇವರ ಗಾದಿ ಕೆಡಿಸಿದರೆ ಇವರಿಗೆ ನೋವಾಗುತ್ತದೆ ಎಂದು ಲೆಕ್ಕ ಹಾಕುವ ಬುದ್ಧಿ ಅದಕ್ಕಿಲ್ಲ. ಅದಕ್ಕೆ ಗೊತ್ತಿರುವುದು ಇಷ್ಟೇ: ಇಲ್ಲಿ ನೋವಾಯಿತು, ಇಲ್ಲಿ ಅಂಜಿಕೆಯಾಯಿತು, ಇಲ್ಲಿ ವಾಸನೆ ಹೊಡೆಯಿತು, ಆ ಮೆತ್ತನೆ ಜಾಗದಲ್ಲಿ ಏನೂ ಆಗಲಿಲ್ಲ. ನಾನು ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸೇಡು ಅಂದುಕೊಂಡ ಮನೆಯಲ್ಲಿ ಬೆಕ್ಕಿಗೆ ಏಟು ಬೀಳುತ್ತದೆ, ಮೂಗನ್ನು ಉಚ್ಚೆಗೆ ತಿಕ್ಕುತ್ತಾರೆ. ಅದರಿಂದ ಬೆಕ್ಕು ಕಲಿಯುವುದು ಮನುಷ್ಯರ ಕಣ್ಣು ತಪ್ಪಿಸಿ ಮಂಚದ ಕೆಳಗೆ ಮಾಡುವುದನ್ನು ಮಾತ್ರ. ಅಂಜಿಕೆ ಹೆಚ್ಚಿದಷ್ಟೂ ಈ ಕಾಯಿಲೆಯೂ ಹೆಚ್ಚುತ್ತದೆ.

ಹೌದು, ಇದು ಕಾಯಿಲೆಯೇ ಇರಬೇಕು. ಎಳೆ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಹೀಗೆ ಮುಕ್ಕಿರಿಯುವುದು, ಕೆಂಪು ಉಚ್ಚೆ, ಕಂಡಕಂಡಲ್ಲಿ ಚೂರುಚೂರು ಉಚ್ಚೆ ಮಾಡುವುದು ಇವುಗಳ ಹಿಂದೆ ಹೆಚ್ಚು ಸಲ ಇರುವುದು ಮೂತ್ರಚೀಲದ ಉರಿಯೂತ. ಸೋಂಕಲ್ಲ, ಹರಳೂ ಅಲ್ಲ. ಹುಡುಕಿದರೆ ಒಂದೇ ಒಂದು ಕಾರಣ ಸಿಗುವುದಿಲ್ಲ, ಅದಕ್ಕೆ ಇಂಥ ಉರಿಯೂತಕ್ಕೆ ಇಡಿಯೋಪಥಿಕ್ ಸಿಸ್ಟೈಟಿಸ್ ಎಂದು ಹೆಸರು. ಒತ್ತಡಕ್ಕೂ ಅದಕ್ಕೂ ಗಟ್ಟಿ ಸಂಬಂಧ ಇದೆ. ಹೊಸ ಮನೆ, ಹೊಸ ಬೆಕ್ಕು, ಹೊರಗೆ ಹೋಗುವುದು ಬಂದ್, ಬಂಧುಬಳಗದ ಓಡಾಟ, ಗುಂಡನ ಪಾಲಿಗೆ ಇವೆಲ್ಲ ಒಂದೇ ಚಳಿಗಾಲದಲ್ಲಿ ಬಂದವು. ಇದರ ಒಂದು ಗುಣ ಏನೆಂದರೆ ಬಹಳಷ್ಟು ಸಲ ಒಂದು ವಾರದೊಳಗೆ ತಾನಾಗಿ ಕಡಿಮೆಯಾಗುತ್ತದೆ, ಕೆಲವು ವಾರ ಬಿಟ್ಟು ಮತ್ತೆ ಬರುತ್ತದೆ. ಹಾಗಾಗಿ ಹೋದ ತಿಂಗಳು ನಾಲ್ಕು ದಿನಕ್ಕೆ ಸರಿಹೋಗಿದ್ದು ಇಂಜೆಕ್ಷನ್‌ನಿಂದ ಎಂದು ಹೇಳಲು ಬರುವುದಿಲ್ಲ. ಅದು ಆಂಟಿಬಯೋಟಿಕ್ ಆಗಿದ್ದರೆ, ಈ ವಯಸ್ಸಿನ ಬೆಕ್ಕಿಗೆ ಅದು ಬೇಕಾಗುವುದೇ ಅಪರೂಪ. ಬೇಕಾಗುವುದು ನೋವು ಕಡಿಮೆ ಮಾಡುವ ಔಷಧಿ. ಹತ್ತು ವರ್ಷ ದಾಟಿದ ಬೆಕ್ಕಿನ ಕಥೆ ಬೇರೆ. ಅಲ್ಲಿ ನಿಜವಾದ ಸೋಂಕು, ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ, ಕೀಲು ನೋವು ಎಲ್ಲವನ್ನೂ ನೋಡಬೇಕು.

ಹೊಲಸು ಬಾಕ್ಸಿನಲ್ಲಿ, ಉಚ್ಚೆ ಮಾತ್ರ ಹೊರಗೆ ಎಂದಿದ್ದೀರಲ್ಲ, ಅದು ಒಳ್ಳೆಯ ಸುಳಿವು. ಪೂರ್ತಿ ಪುರಾವೆ ಅಲ್ಲ, ಆದರೆ ನೋವಿನ ಕಡೆಗೇ ಬೊಟ್ಟು ಮಾಡುತ್ತದೆ. ಉಚ್ಚೆ ಮಾಡುವಾಗ ಉರಿದ ಜಾಗ ಆ ಬಾಕ್ಸು. ಉರಿ ಕೊಟ್ಟಿದ್ದೇ ಬಾಕ್ಸು ಎಂದು ಅವನ ತಲೆಯಲ್ಲಿ ಕೂತುಬಿಟ್ಟಿದೆ. ಉರಿ ಹೋದ ಮೇಲೂ ಆ ಅಂಜಿಕೆ ಉಳಿಯುತ್ತದೆ, ಅದಕ್ಕೇ ಔಷಧಿ ಕೊಟ್ಟರಷ್ಟೇ ಸಾಲದು, ಬಾಕ್ಸನ್ನೂ ಬದಲಿಸಬೇಕು. ಇನ್ನೊಂದು ಮಾತು, ಗಂಡು ಬೆಕ್ಕು ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತ, ಗೋಡೆಗೋ ಬಾಗಿಲಿಗೋ ಸ್ವಲ್ಪ ಚಿಮುಕಿಸಿದರೆ ಅದು ಗುರುತು ಹಾಕುವುದು, ಉಚ್ಚೆ ಹೊಯ್ಯುವುದಲ್ಲ. ಆಪರೇಷನ್ ಆದ ಹತ್ತರಲ್ಲಿ ಒಂದು ಗಂಡು ಆಮೇಲೂ ಹಾಗೆ ಮಾಡಬಹುದು. ಗುಂಡ ಗಾದಿಯ ಮೇಲೆ ಕೂತು ಮಾಡುತ್ತಾನೆ, ಹಾಗಾಗಿ ಅದಲ್ಲ.

ಆಪರೇಷನ್ ಮಾಡಿಸಿದ್ದಕ್ಕೇ ಹೀಗಾಯಿತಾ ಅಂತ ಫೋನಿನಲ್ಲಿ ಕೇಳಿದಿರಿ. ಮೂತ್ರನಾಳ ಸಣ್ಣದಾಗುತ್ತದೆ ಎಂಬ ಮಾತು ಹಳೆಯದು, ಅಳತೆ ಮಾಡಿ ನೋಡಿದಾಗ ಅದು ನಿಜ ಎಂದು ಕಂಡಿಲ್ಲ. ಆಪರೇಷನ್ ಆದ ಬೆಕ್ಕು ತೂಕ ಏರುತ್ತದೆ, ಮಲಗುವುದು ಜಾಸ್ತಿಯಾಗುತ್ತದೆ, ಉರಿಯೂತಕ್ಕೂ ಕಟ್ಟಿಕೊಳ್ಳುವುದಕ್ಕೂ ನೆರವಾಗುವುದು ಆ ದಪ್ಪ. ಊಟದ ಅಳತೆ ನೋಡಿ ಹಾಕಿ, ಸಂಜೆ ಒಂದು ಹುರಿಗೆ ಗರಿ ಕಟ್ಟಿ ಓಡಾಡಿಸಿ.

ಸವಳು ನೀರಿನ ವಿಷಯ ನಮ್ಮ ಕಡೆ ಎಲ್ಲರೂ ಕೇಳುವುದೇ. ಬೋರಿನ ನೀರು ಗಡುಸು, ಪಾತ್ರೆಗೆ ಬಿಳಿ ಹೊರೆ ಕಟ್ಟುತ್ತದೆ, ಹಾಗಾದರೆ ಬೆಕ್ಕಿನ ಹೊಟ್ಟೆಯಲ್ಲೂ ಕಟ್ಟುತ್ತದೆ ಅಲ್ವಾ ಎಂದು ಯೋಚಿಸುವುದು ಸಹಜ. ಬೆಕ್ಕಿನ ಹರಳಿಗೆ ಗಡುಸು ನೀರೇ ಕಾರಣ ಎಂದು ಸಾಬೀತಾಗಿಲ್ಲ. ದಿನಕ್ಕೆ ಎಷ್ಟು ನೀರು ಒಳಗೆ ಹೋಗುತ್ತದೆ ಎನ್ನುವುದು ನೀರು ಎಂಥದ್ದು ಎನ್ನುವುದಕ್ಕಿಂತ ಬಹಳ ಮುಖ್ಯ. ಬೆಕ್ಕಿನ ಮೂಲ ಮರುಭೂಮಿಯ ಕಾಡುಬೆಕ್ಕು. ಬೇಟೆಯ ಮೈಯಲ್ಲಿದ್ದ ನೀರಿನಲ್ಲೇ ಬದುಕಿದ ಜಾತಿ ಅದು. ಬಾಯಾರಿಕೆ ಕಡಿಮೆ, ಉಚ್ಚೆ ಬಹಳ ಗಟ್ಟಿ. ಪಾಕೀಟಿನ ಒಣ ಕಾಳಿನಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ನೀರಿದೆ, ಬೇಯಿಸಿದ ಕೋಳಿ, ಮೀನು ಅಥವಾ ಒದ್ದೆ ಪಾಕೀಟಿನಲ್ಲಿ ಎಪ್ಪತ್ತು, ಎಂಬತ್ತರ ಹತ್ತಿರ. ಈಗ ನಲವತ್ತು ಡಿಗ್ರಿ ದಾಟುವ ಬಿಸಿಲು ಬರುತ್ತಿದೆ. ಒಣ ಕಾಳು ತಿನ್ನಿಸಿ ಒಂದು ಬಟ್ಟಲು ನೀರಿಟ್ಟರೆ ಸಾಲದು. ಒದ್ದೆ ಊಟಕ್ಕೆ ಬನ್ನಿ, ಅದಾಗದಿದ್ದರೆ ಕಾಳಿಗೆ ಬೆಚ್ಚನೆ ನೀರು ಹಾಕಿ ಮೆತ್ತಗೆ ಮಾಡಿ ಕೊಡಿ. ನೀರಿನ ಬಟ್ಟಲು ಅಗಲವಾಗಿರಲಿ, ಮೂರು ನಾಲ್ಕು ಕಡೆ ಇರಲಿ, ಊಟದ ತಟ್ಟೆಯಿಂದಲೂ ಟ್ರೇಯಿಂದಲೂ ದೂರ ಇರಲಿ. ಉಪ್ಪು, ಉಳ್ಳಾಗಡ್ಡಿ, ಬಳ್ಳುಳ್ಳಿ ಹಾಕದ ಕೋಳಿ ಬೇಯಿಸಿದ ನೀರನ್ನು ಬಹಳ ಬೆಕ್ಕುಗಳು ಇಷ್ಟಪಟ್ಟು ಕುಡಿಯುತ್ತವೆ. ನೀವು ಕುಡಿಯುವ ಶುದ್ಧೀಕರಿಸಿದ ನೀರನ್ನೇ ಕೊಡುತ್ತೀರಾ, ಕೊಡಿ, ತೊಂದರೆ ಇಲ್ಲ. ಹಾಲು ರೊಟ್ಟಿ ಮಾತ್ರ ಊಟ ಎನ್ನುವುದನ್ನು ಬಿಡಿ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಟ್ಟು ಟ್ರೇಯ ತಾಪತ್ರಯ ದುಪ್ಪಟ್ಟಾಗುತ್ತದೆ. ಜೋಳದ ರೊಟ್ಟಿಯಲ್ಲಿ ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಇಲ್ಲ.

ನಿಜವಾಗಿ ಹರಳಿದೆಯಾ ಎಂದು ತಿಳಿಯಲು ಮೂತ್ರ ಪರೀಕ್ಷೆ, ಎಕ್ಸ್-ರೇ, ಸ್ಕ್ಯಾನಿಂಗ್ ಇವೆ. ಎರಡನೆಯ ಸಲ ಬಂದಿರುವುದರಿಂದ ಗುಂಡನಿಗೆ ಇವನ್ನು ಮಾಡಿಸಲೇಬೇಕು. ಸ್ಟ್ರುವೈಟ್ ಎಂಬ ಹರಳನ್ನು ವಿಶೇಷ ಆಹಾರದಿಂದಲೇ ಕರಗಿಸಬಹುದು, ಕ್ಯಾಲ್ಸಿಯಂ ಆಕ್ಸಲೇಟ್ ಕರಗುವುದಿಲ್ಲ, ಅದನ್ನು ತೆಗೆಯಬೇಕಾಗುತ್ತದೆ. ಯಾವುದೆಂದು ಗೊತ್ತಿಲ್ಲದೆ ಮನುಷ್ಯರ ಉರಿಮೂತ್ರದ ಸಿರಪ್ ಹಾಕಬೇಡಿ. ಅವುಗಳಲ್ಲಿ ಹೆಚ್ಚಿನವು ಮೂತ್ರದ ಹುಳಿ ತೆಗೆಯುತ್ತವೆ, ಸ್ಟ್ರುವೈಟ್ ಬೆಳೆಯುವುದು ಹುಳಿ ಇಲ್ಲದ ಮೂತ್ರದಲ್ಲೇ. ನೋವಿದೆ ಎಂದು ಪ್ಯಾರಾಸಿಟಮಾಲ್ ಕೊಡುವ ಯೋಚನೆಯನ್ನಂತೂ ಮಾಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಆ ಮಾತ್ರೆ ವಿಷವಾಗುವ ಕಾರಣಕ್ಕೇ ಫಿನಾಯಿಲ್ ಕೂಡ ವಿಷ. ಫೀನಾಲ್ ಜಾತಿಯ ವಸ್ತುಗಳನ್ನು ಪಳಗಿಸಿ ಹೊರಹಾಕುವ ಕೆಲಸ ನಮ್ಮ ಯಕೃತ್ತಿನಲ್ಲಿ ಸಲೀಸಾಗಿ ನಡೆಯುತ್ತದೆ, ಬೆಕ್ಕಿನ ಯಕೃತ್ತಿಗೆ ಆ ಶಕ್ತಿ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ, ಹಾಗೆ ದಿನಾ ಸ್ವಲ್ಪ ಸ್ವಲ್ಪ ಒಳಗೆ ಹೋಗುತ್ತದೆ. ನೀರಿಗೆ ಹಾಕಿದರೆ ಹಾಲಿನಂತಾಗುವ ಡೆಟಾಲ್‌ನಂಥ ದ್ರವಗಳೂ ಅದೇ ಸಾಲಿಗೆ ಸೇರಿದವು. ಇನ್ನು ವಾಸನೆಯ ವಿಷಯಕ್ಕೆ ಬಂದರೆ, ನಿಮಗೆ ಸ್ವಚ್ಛ ಅನ್ನಿಸುವ ಆ ಘಾಟು ಬೆಕ್ಕಿನ ಮೂಗಿಗೆ ತಡೆಯಲಾಗದ್ದು. ಬಚ್ಚಲಿಗೆ ಫಿನಾಯಿಲ್, ಬಾಕ್ಸಿಗೆ ಸುವಾಸನೆಯ ಲಿಟ್ಟರ್, ಮೇಲೆ ಮುಚ್ಚಳ, ಒಳಗೆ ಗಾಳಿ ಇಲ್ಲ, ಪಕ್ಕದಲ್ಲಿ ಇದ್ದಕ್ಕಿದ್ದಂತೆ ಗಡಗಡ ಎನ್ನುವ ಮಷೀನು. ಗುಂಡ ಒಂದು ತಿಂಗಳು ಅಲ್ಲಿಗೆ ಹೋಗಿದ್ದೇ ಅವನ ಒಳ್ಳೆಯತನ.

ಫಿನಾಯಿಲ್ ಹಾಕಿದರೂ ಗಾದಿಯ ವಾಸನೆ ಹೋಗದಿರುವುದು ಯಾಕೆಂದರೆ ಬೆಕ್ಕಿನ ಉಚ್ಚೆಯಲ್ಲಿರುವ ವಾಸನೆಯ ಅಂಶ ಬರೀ ಒರೆಸಿದರೆ ಪೂರ್ತಿ ಹೋಗುವುದಿಲ್ಲ. ಒಣಗಿ ಕೂತಿರುತ್ತದೆ, ಮತ್ತೆ ತೇವ ತಾಗಿದಾಗ ವಾಸನೆ ಏಳುತ್ತದೆ. ಆ ವಾಸನೆಯೇ ಬೆಕ್ಕಿಗೆ ಇದು ಉಚ್ಚೆಯ ಜಾಗ ಎಂದು ನೆನಪಿಸುವುದು. ಹಸಿ ಇರುವಾಗಲೇ ಹಳೆಯ ಅರಿವೆ ಒತ್ತಿ ಹೀರಿಸಿ, ತಿಕ್ಕಬೇಡಿ. ತಣ್ಣೀರು ಹಾಕಿ ಮತ್ತೆ ಹೀರಿಸಿ. ಆಮೇಲೆ ಎಂಜೈಮ್ ಇರುವ ಕ್ಲೀನರ್ ಹಾಕಿ, ಪೆಟ್ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಉಚ್ಚೆ ಎಷ್ಟು ಆಳ ಇಳಿದಿದೆಯೋ ಅಷ್ಟು ಆಳ ಅದೂ ಇಳಿಯಬೇಕು, ಮೇಲೆ ಸಿಂಪಡಿಸಿ ಒರೆಸಿದರೆ ದುಡ್ಡು ದಂಡ. ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒದ್ದೆ ಬಿಟ್ಟು ಆಮೇಲೆ ಬಿಸಿಲಿಗೆ ಹಾಕಿ. ಬಟ್ಟೆಗಳಿಗೆ ಎಂಜೈಮ್ ಇರುವ ಬಟ್ಟೆ ಸೋಪಿನ ಪುಡಿ ಸಾಕು. ಬ್ಲೀಚಿಂಗ್ ಪುಡಿ ಬೇಡ. ಉಚ್ಚೆಯ ಅಮೋನಿಯಾ ಜೊತೆ ಕೂಡಿ ಅದು ಕೆಟ್ಟ ಅನಿಲ ಬಿಡುತ್ತದೆ, ಬಸುರಿ ಇರುವ ಮನೆಯಲ್ಲಂತೂ ಬೇಡವೇ ಬೇಡ. ಹತ್ತಿಯ ಗಾದಿ ಪೂರ್ತಿ ನೆನೆದು ಹೋಗಿದ್ದರೆ ಬಿಚ್ಚಿಸಿ ಹೊಸದಾಗಿ ತುಂಬಿಸುವುದೇ ವಾಸಿ. ಅಲ್ಲಿಯ ತನಕ ಮೇಲೆ ದಪ್ಪ ರೆಕ್ಸಿನ್ ಹಾಸಿ, ಆ ಕೋಣೆಯ ಬಾಗಿಲು ಹಾಕಿಡಿ. ಮೂಲೆಗೆ ನುಸಿಗುಳಿಗೆ ಇಡುವುದು, ಖಾರದ ಪುಡಿ ಉದುರಿಸುವುದು ಕೆಲವು ಮನೆಗಳಲ್ಲಿ ನೋಡಿದ್ದೇನೆ. ನುಸಿಗುಳಿಗೆ ಬೆಕ್ಕಿಗೆ ವಿಷ, ಖಾರದ ಪುಡಿ ಕಣ್ಣಿಗೂ ಪಾದಕ್ಕೂ ಹಿಂಸೆ. ಎರಡೂ ಬೇಡ.

ಈಗ ಟ್ರೇ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು, ಬೆಕ್ಕಿಗೊಂದು, ಮೇಲೊಂದು. ಮೂರನ್ನೂ ಒಂದೇ ಕಡೆ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಜಾಗ. ಚಿನ್ನಿ ದಾರಿಯಲ್ಲಿ ಅಡ್ಡ ಮಲಗಿದರೆ ಮುಗಿಯಿತು, ಗುಂಡ ಅತ್ತ ಸುಳಿಯುವುದಿಲ್ಲ, ನಿಮಗೆ ಜಗಳವೂ ಕಾಣುವುದಿಲ್ಲ. ಒಂದು ಪಡಸಾಲೆಯ ಮೂಲೆಯಲ್ಲಿ, ಒಂದು ಗುಂಡ ಮಲಗುವ ಕೋಣೆಯಲ್ಲಿ, ಒಂದು ಬಾಲ್ಕನಿಗೆ ಬಲೆ ಇದ್ದರೆ ಅಲ್ಲಿ ಇಡಿ. ಪಡಸಾಲೆಯಲ್ಲಿ ಸಂಡಾಸ ಇಡುವುದಾ ಎಂದು ಮನೆಯಲ್ಲಿ ಮಾತು ಬರುತ್ತದೆ, ಗೊತ್ತು. ದಿನಕ್ಕೆರಡು ಸಲ ಎತ್ತಿದರೆ ವಾಸನೆಯೇ ಬರುವುದಿಲ್ಲ, ಬಂದರೂ ಗಾದಿಯಿಂದ ಬರುವುದಕ್ಕಿಂತ ಕಡಿಮೆ. ದೇವರ ಮನೆ, ಅಡುಗೆ ಮನೆ ಬಿಟ್ಟು ಎಲ್ಲರೂ ಒಪ್ಪುವ ಮೂಲೆ ಹುಡುಕಿ. ಬೆಕ್ಕಿಗೆ ಬೇಕಾದ್ದು ಎರಡು ಕಡೆಯಿಂದ ದಾರಿ, ಸದ್ದಿಲ್ಲದ ಜಾಗ, ಊಟದಿಂದ ದೂರ, ಅಷ್ಟೇ.

ಅಂಗಡಿಯ ಟ್ರೇಗಳು ಹೆಚ್ಚಾಗಿ ಸಣ್ಣವು. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕು ಎಷ್ಟು ಉದ್ದವೋ ಅದರ ಒಂದೂವರೆ ಪಟ್ಟು ಟ್ರೇ ಇರಬೇಕು. ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು ಒಂದು ಕಡೆ ಗೋಡೆ ತಗ್ಗಾಗಿ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯ ಟ್ರೇ ಇಲ್ಲ. ಮುಚ್ಚಳ ತೆಗೆದುಬಿಡಿ. ಮುಚ್ಚಿದ್ದನ್ನೇ ಇಷ್ಟಪಡುವ ಬೆಕ್ಕುಗಳೂ ಇವೆ, ಆದರೆ ಹಿತ್ತಲಲ್ಲಿ ಆಕಾಶದ ಕೆಳಗೆ ಕೂರುತ್ತಿದ್ದ ಗುಂಡನಿಗೆ ಅದು ಒಗ್ಗುವುದು ಕಷ್ಟ.

ಲಿಟ್ಟರ್ ಯಾವುದು ಅನ್ನೋದೇ ಅತಿ ಹೆಚ್ಚು ಜನ ಕೇಳುವ ಪ್ರಶ್ನೆ, ಇದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನ ಬೆಕ್ಕುಗಳು ಒಪ್ಪುವುದು ಸಣ್ಣ ಕಾಳಿನ, ವಾಸನೆ ಇಲ್ಲದ, ಉಚ್ಚೆ ಬಿದ್ದ ಕಡೆ ಉಂಡೆಗಟ್ಟುವ ಬೆಂಟೋನೈಟ್ ಜೇಡಿಯನ್ನು. ಬೆಂಟೋನೈಟ್ ಗುಜರಾತಿನ ಕಚ್ಛ್‌ನಲ್ಲಿ ಹೇರಳವಾಗಿದೆ, ವಿದೇಶಿ ಚೀಲಕ್ಕೆ ದುಡ್ಡು ಸುರಿಯುವ ಅಗತ್ಯ ಇಲ್ಲ, ದೇಶದ್ದೇ ಸಾಕು. ಕಾಲ ಕೆಳಗೆ ಎರಡು ಮೂರು ಇಂಚು ದಪ್ಪ ಇರಲಿ. ಬೆಳಿಗ್ಗೆ, ಸಂಜೆ ಉಂಡೆ ಎತ್ತಿ, ಎತ್ತಿದಷ್ಟು ಹೊಸದು ಸೇರಿಸಿ, ಎರಡು ಮೂರು ವಾರಕ್ಕೊಮ್ಮೆ ಎಲ್ಲ ಚೆಲ್ಲಿ ಟ್ರೇಯನ್ನು ಬಿಸಿನೀರು, ವಾಸನೆ ಇಲ್ಲದ ಸೋಪಿನಲ್ಲಿ ತೊಳೆದು ಒಣಗಿಸಿ. ಎತ್ತಿದ್ದನ್ನು ಸಂಡಾಸಿಗೆ ಹಾಕಬೇಡಿ, ಜೇಡಿ ಉಬ್ಬಿ ಪೈಪು ಕಟ್ಟುತ್ತದೆ.

ಖರ್ಚು ಜಾಸ್ತಿ ಅನ್ನುವವರಿಗೆ ಉಸುಕು ಇದೆ. ಅಮೆರಿಕದಲ್ಲೂ 1947ರಲ್ಲಿ ಎಡ್ ಲೋ ಎಂಬಾತ ಜೇಡಿಯ ಕಾಳನ್ನು ಚೀಲಕ್ಕೆ ತುಂಬಿ ಮಾರುವ ತನಕ ಜನ ಉಸುಕು, ಬೂದಿಯನ್ನೇ ಹಾಕುತ್ತಿದ್ದರು. ಹೊಳೆಯ ಉಸುಕನ್ನು ಜರಡಿ ಹಿಡಿದು, ತೊಳೆದು, ಎರಡು ಮೂರು ದಿನ ಖಡಕ್ ಬಿಸಿಲಿಗೆ ಒಣಗಿಸಿ ಬಳಸಿ. ಕಟ್ಟಡಕ್ಕೆ ಬಳಸುವ ಎಂ-ಸ್ಯಾಂಡ್ ಚೂಪು, ಪಾದಕ್ಕೆ ಚುಚ್ಚುತ್ತದೆ. ಉಸುಕು ಉಂಡೆಗಟ್ಟುವುದಿಲ್ಲ, ಉಚ್ಚೆ ತಳಕ್ಕೆ ಇಳಿದು ನಿಲ್ಲುತ್ತದೆ, ಹಾಗಾಗಿ ಎರಡು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಕಟ್ಟಿಗೆ ಹೊಟ್ಟು ಹಗುರ, ವಾಸನೆ ಹೀರುತ್ತದೆ, ಆದರೆ ದೂಳು ಹೆಚ್ಚು. ಬೂದಿಯನ್ನು ನಾನು ಬೇಡ ಅನ್ನುತ್ತೇನೆ, ಒದ್ದೆಯಾದರೆ ಪಾದ ಸುಡುವಷ್ಟು ಖಾರ ಅದು, ನೆಕ್ಕಿದರೆ ನಾಲಿಗೆಗೂ ಹಾಗೇ.

ಗುಂಡನಿಗೆ ನಾನು ಹೇಳುವ ಉಪಾಯ ಬೇರೆ. ಅವನ ಪಾದಕ್ಕೆ ಗೊತ್ತಿರುವುದು ನಿಮ್ಮ ಹಳೆಯ ಹಿತ್ತಲ ಎರೆಮಣ್ಣು. ನಮ್ಮ ಎರೆಮಣ್ಣಿನಲ್ಲಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರುಕು ಬಿಡುವ ಜೇಡಿ ಇದೆಯಲ್ಲ, ಬೆಂಟೋನೈಟಿನಲ್ಲಿ ಇರುವುದೂ ಅದೇ ಜಾತಿಯ ಜೇಡಿ. ಒಂದು ಟ್ರೇಯಲ್ಲಿ ವಾಸನೆ ಇಲ್ಲದ ಬೆಂಟೋನೈಟ್ ಹಾಕಿ, ಮೇಲೆ ಎರಡು ಹಿಡಿ ಒಣ ಎರೆಮಣ್ಣನ್ನು ಪುಡಿ ಮಾಡಿ ಉದುರಿಸಿ. ದನ, ನಾಯಿ, ಬೆಕ್ಕು ತಿರುಗಾಡದ ಕಡೆಯ ಮಣ್ಣು ತಂದು ಬಿಸಿಲಿಗೆ ಕಾಯಿಸಿ, ಇಲ್ಲದಿದ್ದರೆ ಹುಳದ ಮೊಟ್ಟೆ ಬರಬಹುದು. ಬರೀ ಎರೆಮಣ್ಣು ಹಾಕಿದರೆ ಪಾದಕ್ಕೆ ಮೆತ್ತಿ ಮನೆಯೆಲ್ಲ ಹೆಜ್ಜೆ. ವಾರದಿಂದ ವಾರಕ್ಕೆ ಮಣ್ಣು ಕಡಿಮೆ ಮಾಡುತ್ತ ಬನ್ನಿ. ಇನ್ನೊಂದು ಟ್ರೇಯಲ್ಲಿ ಉಸುಕು ಹಾಕಿ. ಯಾವುದಕ್ಕೆ ಹೋಗುತ್ತಾನೆ ನೋಡಿ, ಅವನು ಆರಿಸಿದ್ದನ್ನೇ ಉಳಿಸಿಕೊಳ್ಳಿ. ಪಾಕೀಟು ಚೆನ್ನಾಗಿದೆ, ಆಫರ್ ಇದೆ ಎಂದು ಆಮೇಲೆ ಬದಲಿಸಲು ಹೋಗಬೇಡಿ.

ಮೊದಲ ಹತ್ತು ಹನ್ನೆರಡು ದಿನ ಗುಂಡನನ್ನು ಒಂದು ಕೋಣೆಯಲ್ಲಿ ಇಡಿ. ಟ್ರೇ, ನೀರು, ಊಟ, ನಿಮ್ಮ ಹಳೆಯ ಸೀರೆಯ ಹಾಸಿಗೆ, ಹತ್ತಿ ಕೂರಲು ಒಂದು ಎತ್ತರದ ಜಾಗ. ಇದು ಶಿಕ್ಷೆ ಅಲ್ಲ, ಅವನಿಗೆ ಬಿಡುವು. ಯಾರಾದರೂ ದಿನಕ್ಕೆ ನಾಲ್ಕು ಸಲ ಹೋಗಿ ಕೂತು ಬನ್ನಿ. ಚಿನ್ನಿಯ ಬಟ್ಟೆ ಅವನ ಕೋಣೆಗೆ, ಅವನ ಬಟ್ಟೆ ಚಿನ್ನಿಯ ಹತ್ತಿರ ಇಟ್ಟು ವಾಸನೆ ಪರಿಚಯವಾಗಲಿ. ಬಾಗಿಲಿನ ಆಚೆ ಈಚೆ ಇಬ್ಬರಿಗೂ ಊಟ ಕೊಡಿ, ಆಮೇಲೆ ಬಾಗಿಲು ಸ್ವಲ್ಪ ತೆರೆದು, ಆಮೇಲೆ ಪೂರ್ತಿ. ಒಬ್ಬರು ಗುರ್ ಎಂದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಇಷ್ಟಾದ ಮೇಲೂ ಒತ್ತಡ ಇಳಿಯದಿದ್ದರೆ ಬೆಕ್ಕಿಗೆ ಸಮಾಧಾನ ಕೊಡುವ ವಾಸನೆ ಬಿಡುವ, ಗೋಡೆಗೆ ಸಿಕ್ಕಿಸುವ ಫೆರೊಮೋನ್ ಯಂತ್ರ ಇದೆ, ಕೆಲವಕ್ಕೆ ಕೆಲಸ ಮಾಡುತ್ತದೆ, ಕೆಲವಕ್ಕೆ ಇಲ್ಲ. ಮನಸ್ಸು ಶಾಂತ ಮಾಡುವ ಮಾತ್ರೆಗಳೂ ಇವೆ. ಗುಣ ಕಾಣಲು ವಾರಗಟ್ಟಲೆ ಬೇಕು, ಊಟ ಕಡಿಮೆಯಾಗಬಹುದು, ಒಮ್ಮೆಗೇ ನಿಲ್ಲಿಸುವಂತಿಲ್ಲ. ಮೊದಲ ದಾರಿಯಾಗಿ ನಾನು ಅದನ್ನು ಹಿಡಿಯುವುದಿಲ್ಲ.

ನಾದಿನಿಯ ವಿಷಯ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಬಸುರಿಯರಿಗೆ ಅಪಾಯಕಾರಿ ಎನ್ನುವುದು ನಿಜ, ಬೆಕ್ಕಿನ ಹೊಲಸಿನಲ್ಲಿ ಅದು ಬರುತ್ತದೆ ಎನ್ನುವುದೂ ನಿಜ. ಆದರೆ ಬೆಕ್ಕಿನ ಕೂದಲಿನಿಂದ, ಮುಟ್ಟಿದರೆ, ಪಕ್ಕದಲ್ಲಿ ಕೂತರೆ ಬರುತ್ತದೆ ಎನ್ನುವ ಮಾತು ನಿಜ ಅಲ್ಲ. ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕಾದಾಗ ಒಂದೆರಡು ವಾರ ಮಾತ್ರ ಅದನ್ನು ಹೊರಹಾಕುತ್ತದೆ. ಹೊರಬಿದ್ದದ್ದು ಇನ್ನೊಬ್ಬರಿಗೆ ಅಂಟುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನಾ ಟ್ರೇ ಎತ್ತಿದರೆ ಆ ಅವಕಾಶವೇ ಸಿಗುವುದಿಲ್ಲ. ನಾದಿನಿ ಟ್ರೇ ಮುಟ್ಟುವುದು ಬೇಡ, ನೀವು ಅಥವಾ ನಿಮ್ಮ ಯಜಮಾನರು ಎತ್ತಿ. ಬೆಕ್ಕುಗಳಿಗೆ ಹಸಿ ಮಾಂಸ ಬೇಡ, ಹೊರಗೆ ಇಲಿ ಹಿಡಿಯಲು ಬಿಡಬೇಡಿ. ಮನುಷ್ಯರಿಗೆ ಈ ಸೋಂಕು ಸರಿಯಾಗಿ ಬೇಯದ ಮಾಂಸದಿಂದ, ತೊಳೆಯದ ಸೊಪ್ಪು, ಸೌತೆ, ಗಜ್ಜರಿಯಿಂದ, ಕೈತೋಟದ ಮಣ್ಣಿನಿಂದಲೂ ಬರುತ್ತದೆ. ರೊಟ್ಟಿ ಜೊತೆ ಹಸಿ ತರಕಾರಿ ತಿನ್ನುವ ನಮ್ಮ ಕಡೆ ಅದರ ಮೇಲೆ ಹೆಚ್ಚು ಗಮನ ಬೇಕು. ಹೆರಿಗೆ ಡಾಕ್ಟರಿಗೆ ಮನೆಯಲ್ಲಿ ಬೆಕ್ಕಿದೆ ಎಂದು ಹೇಳಿ, ಬೇಕಾದರೆ ಅವರು ರಕ್ತ ಪರೀಕ್ಷೆ ಬರೆಯುತ್ತಾರೆ.

ಎಲ್ಲಾದರೂ ಬಿಟ್ಟು ಬನ್ನಿ ಎನ್ನುವವರಿಗೆ ನೀವು ಹೇಳಬೇಕಾದ ಮಾತು ಇದೆ. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಮೂತ್ರದ ಉರಿ ಇರುವ ಬೆಕ್ಕನ್ನು ಬೀದಿಗೆ ಬಿಟ್ಟು, ಅಲ್ಲಿ ಉಚ್ಚೆ ಪೂರ್ತಿ ಕಟ್ಟಿದರೆ ಅದು ಯಾವುದೋ ಗಟಾರದ ಪಕ್ಕ 2 ದಿನ ನರಳಿ ಸಾಯುತ್ತದೆ. ನನಗೆ ಇದನ್ನು ಮೆತ್ತಗೆ ಹೇಳಲು ಬರುವುದಿಲ್ಲ. ಹಳೆಯ ಊರಿನಲ್ಲಿದ್ದಂತೆ ಹೊರಗೆ ಬಿಟ್ಟು ಸಾಕುತ್ತೇವೆ ಎಂದರೆ ಅದು ಒಂದು ದಾರಿ, ಆದರೆ ನಾಯಿ, ಗಾಡಿ, ಬೇರೆ ಗಂಡುಗಳ ಕಚ್ಚಾಟ ಇದ್ದೇ ಇದೆ. ಜೊತೆಗೆ ಅವನು ಹೊರಗೆ ಉಚ್ಚೆ ಮಾಡುತ್ತಾನೋ ಇಲ್ಲವೋ ನಿಮಗೆ ತಿಳಿಯುವುದೇ ಇಲ್ಲ. ಹೊಸ ಜಾಗದಲ್ಲಿ ಮನಸ್ಸು ನಿಲ್ಲದ ಬೆಕ್ಕು ಹಳೆಯ ಮನೆ ಹುಡುಕಿಕೊಂಡು ಹೋಗುವುದೂ ಉಂಟು, ನಿಮ್ಮ ಹಳೆಯ ಮನೆ ಇರುವುದು ಕೆಲವೇ ಕಿಲೋಮೀಟರ್ ದೂರದಲ್ಲಿ. ಈ ಕಾಯಿಲೆ ಹತೋಟಿಗೆ ಬರುವ ತನಕ ಒಳಗೇ ಇರಲಿ.

ಮೂರು ನಾಲ್ಕು ವಾರ ಇದನ್ನೆಲ್ಲ ಮಾಡಿ, ದಿನಾ ಎಷ್ಟು ಉಂಡೆ ಸಿಕ್ಕಿತು, ಯಾವ ಟ್ರೇಯಲ್ಲಿ ಸಿಕ್ಕಿತು ಎಂದು ಕ್ಯಾಲೆಂಡರ್ ಮೇಲೆ ಬರೆದಿಡಿ. ಅವನು ಕೂತು ಮಾಡುವಾಗ ಮೊಬೈಲಿನಲ್ಲಿ ಒಂದು ವಿಡಿಯೋ ತೆಗೆದಿಟ್ಟರೆ ಡಾಕ್ಟರಿಗೆ ಅದರಿಂದ ಬಹಳ ತಿಳಿಯುತ್ತದೆ. ಇಷ್ಟು ಮಾಡಿದ ಮೇಲೂ ಗಾದಿ ಒದ್ದೆಯಾಗುತ್ತಿದ್ದರೆ ಕರೆತನ್ನಿ, ಮತ್ತೆ ಮೊದಲಿನಿಂದ ನೋಡೋಣ. ಪದೇಪದೇ ಕಟ್ಟಿಕೊಳ್ಳುವ ಗಂಡುಗಳಿಗೆ ನಾಳದ ಸಣ್ಣ ತುದಿ ತೆಗೆದು ದಾರಿ ಅಗಲ ಮಾಡುವ ಶಸ್ತ್ರಚಿಕಿತ್ಸೆಯೂ ಇದೆ, ಜೀವ ಉಳಿಸುತ್ತದೆ, ಆದರೆ ಆಮೇಲೆ ಸೋಂಕಿನ ಭಯ ಹೆಚ್ಚು. ಗುಂಡ ಇನ್ನೂ ಆ ಹಂತಕ್ಕೆ ಬಂದಿಲ್ಲ.

ಮತ್ತೆ ಚಿನ್ನಿಗೆ ಆರು ತಿಂಗಳು ಎಂದಿರಿ. ಈ ತಿಂಗಳೇ ಅವಳ ಆಪರೇಷನ್ ಮಾಡಿಸಿ. ಬೆದೆಗೆ ಬಂದರೆ ಬಡಾವಣೆಯ ಗಂಡು ಬೆಕ್ಕುಗಳೆಲ್ಲ ನಿಮ್ಮ ಕಿಟಕಿಯ ಹೊರಗೆ ರಾತ್ರಿಯಿಡೀ ಕೂಗುತ್ತವೆ, ಬಾಗಿಲಿಗೆ ಉಚ್ಚೆ ಚಿಮುಕಿಸಿ ಹೋಗುತ್ತವೆ, ಅದನ್ನು ಒಳಗಿನಿಂದ ಮೂಸುತ್ತ ಕೂರುವವನು ಗುಂಡ.